ಅಗಲದ ಪರದೆ

ಎರಡು ಪರದೆಗಳಲ್ಲೂ ಎಸ್ತೆರ್ ಒಟ್ಟಿಗೇ ತಲೆಯೆತ್ತಿ ನಕ್ಕಳು. ಮದುವೆಯ ಮುನ್ನಾದಿನದ ಶಾಸ್ತ್ರದ ತೆಂಗಿನಹಾಲು ಕೂದಲಿನಿಂದ ಕೆನ್ನೆಗಿಳಿಯುತ್ತಿತ್ತು. ಹಿಂದಿನಿಂದ ಯಾರೋ ಇನ್ನೊಂದು ತಂಬಿಗೆ ಸುರಿದರು. ಎಡಗಡೆಯ ಎಸ್ತೆರ್, ಬಲಗಡೆಯ ಎಸ್ತೆರ್ ಇಬ್ಬರೂ ಕಣ್ಣು ಮುಚ್ಚಿಕೊಂಡರು.

"ಸರಿಯಾಗಿ ನೋಡಿ ಮೇಡಂ, ಆಮೇಲೆ ಲಿಗೋರಿ ಮೊದಲೇ ಹೇಳಲಿಲ್ಲ ಅಂತ ಆಗ್ಬಾರ್ದು," ಎಂದ ಕಂಪ್ಯೂಟರ್ ಅಂಗಡಿಯ ಯಜಮಾನ ಲಿಗೋರಿ. "ಎರಡೂ ಎಲ್‌ಸಿಡಿಯೇ, ಪ್ಯಾನೆಲ್ ಬೇರೆ ಬೇರೆ. ಬಣ್ಣಕ್ಕೆ ಎಡದ್ದು ರಾಜ. ಬಲದ್ದು ಗೇಮಿಗೆ. ಅಗಲ ಜಾಸ್ತಿ, ಓಟ ಜಾಸ್ತಿ. ನಿಮ್ಮ ಕೆಲಸಕ್ಕೆ ಎಂತ ಬೇಕು, ನೀವೇ ಹೇಳ್ಬೇಕು."

ರಂಜಿನಿಗೆ ಎರಡೂ ಬೇಕಿತ್ತು. ಅವಳು ಮದುವೆಯ ವಿಡಿಯೊಗಳನ್ನು ಜೋಡಿಸಿ ಕೊಡುವವಳು. ಎಸ್ತೆರಳದ್ದು ಈಗ ಕೈಯಲ್ಲಿದ್ದ ಕೆಲಸ, ಪೆನ್‌ಡ್ರೈವಿನಲ್ಲಿ ತಂದಿದ್ದಳು. ಕೆಲಸ ಮುಗಿದ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗೇಮ್ ಆಡುವುದು ಸುರತ್ಕಲ್ಲಿನ ಹಾಸ್ಟೆಲಿನ ದಿನಗಳಿಂದ ಬಂದ ಅಭ್ಯಾಸ. ಮದುವೆಯಾಗಿ ಕಾವೂರಿಗೆ ಬಂದ ಮೇಲೂ ಅದು ಬಿಟ್ಟಿರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದ ಅತ್ತೆ ಮುಕ್ತಾ, "ಪಾಪ, ಆ ಸಣ್ಣ ಲ್ಯಾಪ್‌ಟಾಪಿನಲ್ಲಿ ಎಷ್ಟು ಕೆಲಸ ಮಾಡ್ತದೆ ಹುಡುಗಿ! ಒಂದು ದೊಡ್ಡದು ತೆಗೆದುಕೊಡು," ಎಂದು ಮಗ ಶ್ರೀನಂದನನನ್ನು ಗದರಿಸಿದ್ದರ ಫಲವೇ ಈ ಹಂಪನಕಟ್ಟೆಯ ಅಂಗಡಿಯ ಮಹಡಿ ಮೆಟ್ಟಿಲು.

ಆ ಮೆಟ್ಟಿಲಿನ ನಡುವೆ ರಂಜಿನಿ ನಿಂತು ಒಂದು ಮಾತು ಹೇಳಿದ್ದಳು.

"ಇವತ್ತು 'ನಿನಗೆ ಯಾವುದು ಇಷ್ಟವೋ ಅದು' ಅಂತ ಹೇಳ್ಲಿಕ್ಕಿಲ್ಲ. ಗೊತ್ತಾಯ್ತಾ? ಇದೊಂದು ನೀವೂ ಆರಿಸ್ಬೇಕು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದೇ ಶ್ರೀನಂದನನಿಗೆ ಹೆಚ್ಚು ತಾಗಿತು. ಕಿಟಕಿಯ ಕರ್ಟನ್ ಆರಿಸುವಾಗ, ಅವಳ ತಂಗಿಗೆ ಸೀರೆ ಕೊಳ್ಳುವಾಗ, ಗೋಡೆಗೆ ಬಣ್ಣ ಹೊಡೆಸುವಾಗ, ಎಲ್ಲ ಕಡೆ ಅವನದ್ದು ಅದೇ ಉತ್ತರ. ಮೊದಮೊದಲು ಅವಳು ನಗುತ್ತಿದ್ದಳು. ಈಚೆಗೆ ಅವನನ್ನು ಕೇಳುವುದನ್ನೇ ಬಿಟ್ಟಿದ್ದಳು. ರಾತ್ರಿ ಊಟಕ್ಕೆ ಕೂತರೆ ಸಾರು ಬಡಿಸುವ ಸೌಟಿನ ಶಬ್ದ ಇಬ್ಬರ ನಡುವೆ ದೊಡ್ಡದಾಗಿ ಕೇಳಿಸುತ್ತಿತ್ತು. ಈ ಗಂಡಸಿಗೆ ತನ್ನ ಯಾವುದರಲ್ಲೂ ಆಸಕ್ತಿ ಇಲ್ಲ ಎಂದು ಅವಳು ಎಣಿಸತೊಡಗಿದ್ದಾಳೆಂಬುದು ಶ್ರೀನಂದನನಿಗೆ ಗೊತ್ತಿತ್ತು. ಅಲ್ಲವೆಂದು ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕಿತ್ತು.

ಅವನಿಗೆ ಕೆಂಪು ಮತ್ತು ಹಸಿರು ಬೇರೆಯಾಗಿ ಕಾಣುತ್ತಿರಲಿಲ್ಲ.

ಶಾಲೆಯಲ್ಲಿ ಕ್ರೇಯಾನಿನ ಮೇಲಿನ ಹೆಸರು ಓದಿ ಎಲೆಗೆ ಬಣ್ಣ ತುಂಬುತ್ತಿದ್ದ. ಕಾಗದ ಹರಿದ ಕ್ರೇಯಾನ್ ಕೈಗೆ ಬಂದ ದಿನ ಎಲೆ ಇಟ್ಟಿಗೆಯಂತಾಗಿತ್ತು. ದೇವಸ್ಥಾನದಲ್ಲಿ ಪೂಜೆ ಮಾಡುವ ತಂದೆ ಬಾಲಚಂದ್ರ ಒಮ್ಮೆ ಕೆಂಪು ಕೇಪಳದ ಹೂ ಕೊಯ್ದು ತಾ ಎಂದು ಕಳಿಸಿದರೆ, ಗಿಡದ ತುಂಬ ಅರಳಿದ್ದ ಹೂವುಗಳ ಎದುರು ಬರಿಯ ಬುಟ್ಟಿ ಹಿಡಿದು ನಿಂತಿದ್ದ. ಅಂದಿನಿಂದ ತಂದೆ ಏನೂ ಕೇಳದೆ ಗಂಧ ತೇಯುವ ಕೆಲಸ ಕೊಟ್ಟರು. ಈಗಲೂ ಸಹಕಾರಿ ಸೊಸೈಟಿಯ ಆಫೀಸಿಗೆ ಹೋಗುವ ಮೊದಲು ಅವನು ಮಾಡುವುದು ಅದನ್ನೇ. ಹುಡುಗಿ ನೋಡುವ ಮಾತು ಬಂದಾಗ ತಾಯಿ ಮಾತ್ರ ಬಾಯಿಬಿಟ್ಟು ಹೇಳಿದ್ದರು: "ಕಣ್ಣು ಚಂದವೇ ಉಂಟು ನಿಂದು. ಇಲ್ಲದ್ದನ್ನೆಲ್ಲ ಹೇಳ್ಲಿಕ್ಕೆ ಹೋಗ್ಬೇಡ." ಆಗ ಹೇಳದ ಮಾತು ಈಗ ದಿನದಿನಕ್ಕೆ ಭಾರವಾಗುತ್ತಿತ್ತು. ಈಗ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುವಳು. ಮೋಸ ಎಂಬ ಶಬ್ದವನ್ನು ಅವಳು ಬಳಸಲಾರಳು. ಆದರೆ ಅವಳ ಮನಸ್ಸಿನಲ್ಲಿ ಅದು ಹಾದುಹೋದರೆ?

ಪರದೆಗಳಲ್ಲಿ ತೆಂಗಿನಹಾಲು ಮುಗಿದು ಮರುದಿನದ ಚರ್ಚು, ಬ್ಯಾಂಡು, ಕೇಕು ಎಲ್ಲ ಓಡಿ ಹೋದವು. ಎಸ್ತೆರ್ ಗಂಡಿನ ಮನೆಯವರು ಕೊಟ್ಟ ಸೀರೆಯುಟ್ಟು ಬಾಗಿಲಲ್ಲಿ ನಿಂತಳು. ರಂಜಿನಿ ಅಲ್ಲಿಗೆ ನಿಲ್ಲಿಸಿದಳು.

"ಈಗ ಹೇಳಿ. ಸೀರೆ ಯಾವುದರಲ್ಲಿ ಚಂದ ಕಾಣ್ತದೆ?"

ಶ್ರೀನಂದನ ಮುಂದಕ್ಕೆ ಬಗ್ಗಿದ. ಎಡಗಡೆಯದ್ದು ಗಾಢವಾಗಿತ್ತು, ಬಲಗಡೆಯದ್ದು ಸ್ವಲ್ಪ ತಿಳಿ. ಎರಡೂ ಒದ್ದೆ ಮಣ್ಣಿನ ಹಾಗೆ. 'ಎರಡೂ ಒಳ್ಳೆಯದುಂಟು' ಎಂಬ ಮಾತು ತುದಿನಾಲಗೆಗೆ ಬಂತು. ಅವಳ ಮುಖ ನೋಡಿ ಅದನ್ನು ನುಂಗಿದ. ಇಂದು ಆರಿಸಲೇಬೇಕು. ಬಾಳೆಗಿಡ ಕಟ್ಟಿದ ಬಾಗಿಲು, ಹೊಸ ಮದುಮಗಳು, ಲೆಕ್ಕ ಹಾಕಿದ.

"ಎಡದ್ದು," ಎಂದ. "ಆ ಹಸಿರು ಎಡದ್ದರಲ್ಲಿ ಚಂದ ಎದ್ದು ಕಾಣ್ತದೆ."



ಲಿಗೋರಿ ತೊಡೆ ತಟ್ಟಿ ನಕ್ಕ. "ಸಾಡೊ ಸೀರೆ ಹಸಿರಾ? ನಮ್ಮ ಮದುಮಗಳ ಸಾಡೊ! ನಮ್ಮ ಅಜ್ಜಿ ಕೇಳಿದ್ರೆ ಸಮಾಧಿಯಿಂದ ಎದ್ದು ಬರ್ತಾರೆ ಮಾರಾಯ್ರೆ! ಕೆಂಪು ಬಿಟ್ಟು ಸಾಡೊ ಉಂಟಾ?"

"ಹಾಂ, ತಮಾಷೆಗೆ," ಎಂದ ಶ್ರೀನಂದನ. ತನ್ನ ನಗು ತನಗೇ ಬೇರೆ ಯಾರದ್ದೋ ಎನ್ನುವಂತೆ ಕೇಳಿಸಿತು.

ರಂಜಿನಿ ನಗಲಿಲ್ಲ. ಒಮ್ಮೆ ಅವನನ್ನು ನೋಡಿದಳು, ಆಮೇಲೆ ಪರದೆಯನ್ನು. ಪೆನ್‌ಡ್ರೈವ್ ಎಳೆದು ಕೈಚೀಲಕ್ಕೆ ಹಾಕಿದಳು.

"ಲಿಗೋರಿಯವರೇ, ಇಬ್ಬರು ಆಡುವ ಗೇಮ್ ಏನಾದ್ರೂ ಉಂಟಾ ಇದರಲ್ಲಿ?"

"ಇಲ್ಲದೆ ಎಂತ! ಕೂತ್ಕೊಳ್ಳಿ, ಕೂತ್ಕೊಳ್ಳಿ."

ಲಿಗೋರಿ ಒಂದೊಂದು ಪರದೆಯ ಮುಂದೆ ಒಬ್ಬೊಬ್ಬರನ್ನು ಕೂರಿಸಿದ. ರಂಜಿನಿ ತಾನೇ ಎಡಕ್ಕೆ ಕೂತು, ಅಗಲದ ಬಲ ಪರದೆಯನ್ನು ಗಂಡನಿಗೆ ಬಿಟ್ಟಳು. ಗುಡ್ಡ, ಒಣಹುಲ್ಲು, ಮುರಿದ ಗೋಡೆಗಳ ಊರು. ಮೈಸುತ್ತ ಹಸಿರು ಗೆರೆ ಇದ್ದವರು ನಮ್ಮವರು, ಕೆಂಪು ಗೆರೆ ಇದ್ದವರು ಎದುರು ಪಕ್ಷ, ಅಡಗಿ ಮಲಗಿದರೆ ಗೆರೆ ಕಾಣದು ಎಂದು ಲಿಗೋರಿ ವಿವರಿಸಿದ. ಶ್ರೀನಂದನ ಮೌಸ್ ಹಿಡಿದ. ಒಬ್ಬ ಗೋಡೆಯ ಹಿಂದಿನಿಂದ ಓಡಿ ಬಂದ. ಹೊಡೆದ.

"ಅಯ್ಯೋ, ನನ್ನನ್ನೇ ಹೊಡೆದ್ರಿ!"

"ಮದುವೆಯಾಗಿ ಎಷ್ಟು ಸಮಯ ಆಯ್ತು?" ಲಿಗೋರಿ ಹಿಂದಿನಿಂದ ಕೇಳಿದ.

"ಮೂರು ತಿಂಗಳು."

"ಬೇಗ ಆಯ್ತು. ನಮ್ಮ ಮನೆಯಲ್ಲಿ ಗುಂಡು ಶುರುವಾಗ್ಲಿಕ್ಕೆ ಒಂದು ವರ್ಷ ಹೋಗಿದೆ."

ಮತ್ತೆ ಆಟ. ಮತ್ತೆ ಹೊಡೆದ, ಮತ್ತೆ ಅವಳಿಗೇ. ಈ ಸಲ ಅವಳು ಕೂಗಲಿಲ್ಲ. ಕುರ್ಚಿಯನ್ನು ಅವನ ಹತ್ತಿರ ಎಳೆದು, ತಗ್ಗಿದ ದನಿಯಲ್ಲಿ ಕೇಳಿದಳು:

"ಇದರಲ್ಲಿ ನಾನು ಯಾರು, ನಿಮಗೆ ಗೊತ್ತಾಗ್ತದಾ?"

ಶ್ರೀನಂದನ ಪರದೆಯನ್ನೇ ನೋಡುತ್ತಿದ್ದ. ಗುಡ್ಡದ ಮೇಲೆ ಒಂದೇ ಬಣ್ಣದ ಜನರೆಲ್ಲ ಓಡುತ್ತಿದ್ದರು. ಅವನು ನಿಧಾನವಾಗಿ ತಲೆಯಾಡಿಸಿದ. ಇಲ್ಲ.

ಅವಳು ಅವನ ಕೈಯ ಮೇಲೆ ಕೈಯಿಟ್ಟೇ ಮೌಸ್ ನಡೆಸಿದಳು. ಸೆಟ್ಟಿಂಗ್ಸಿನ ಎಲ್ಲೋ ಒಳಗಿನ ಪುಟ, ಅದರೊಳಗೆ ಇನ್ನೊಂದು, ಅಲ್ಲೊಂದು ಸಣ್ಣ ಚೌಕ. ಅದರಲ್ಲಿ ಗುರುತು ಹಾಕಿ ಹಿಂದೆ ಬಂದಳು.

ಊರು ಇದ್ದ ಹಾಗೇ ಇತ್ತು. ಆದರೆ ಜನ ಎರಡಾದರು. ಕೆಲವರ ಸುತ್ತ ಸಮುದ್ರದಂಥ ನೀಲಿ, ಕೆಲವರ ಸುತ್ತ ಅರಸಿನದಂಥ ಹಳದಿ. ಮುರಿದ ಗೋಡೆಯ ಪಕ್ಕ ನೀಲಿ ಗೆರೆಯವಳೊಬ್ಬಳು ನಿಂತು ಅವನಿಗೆ ಕಾಯುತ್ತಿದ್ದಳು.

"ಅದು ನೀನು!" ಎಂದ ಶ್ರೀನಂದನ. ಅಂಗಡಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದ್ದ.

"ಮತ್ತೆ ಯಾರು? ನಿಮ್ಮ ಸೊಸೈಟಿಯ ಮೆನೇಜರಾ?"

"ಎಂತ ಮೇಡಂ, ಬಣ್ಣ ಎಲ್ಲ ಬದಲಾಯಿಸಿದ್ರಾ?" ಲಿಗೋರಿ ಕತ್ತು ಚಾಚಿದ.

"ಹೌದು. ನನಗೆ ಹೀಗೆ ಆಡಿಯೇ ಅಭ್ಯಾಸ," ಎಂದಳು ರಂಜಿನಿ, ಲಿಗೋರಿಯತ್ತ ತಿರುಗದೆ.

ಆಮೇಲಿನದ್ದು ಶ್ರೀನಂದನನಿಗೆ ಮಕ್ಕಳಾಟದಂತೆಯೇ ನೆನಪಿನಲ್ಲಿ ಉಳಿಯಿತು. ಅವಳು ಓಡಿದ ಕಡೆ ಓಡಿದ, ಅವಳು ಅಡಗಿದ ಕಡೆ ಅಡಗಿದ. ಎರಡು ಸಲ ಸತ್ತ, ಎರಡು ಸಲವೂ ನಕ್ಕ. ಒಮ್ಮೆ ರಂಜಿನಿ ಬೋಳು ಗುಡ್ಡವನ್ನು ಹತ್ತಹೊರಟಾಗ ಅವನು ಅವಳ ತೋಳು ಹಿಡಿದು ನಿಲ್ಲಿಸಿದ.

"ಹೋಗ್ಬೇಡ. ಆ ಹುಲ್ಲಿನಲ್ಲಿ ಒಬ್ಬ ಮಲಗಿದ್ದಾನೆ."

"ಎಲ್ಲಿ? ಬರೀ ಹುಲ್ಲು ಅದು."

"ಅಲ್ಲ ಮಾರಾಯ್ತಿ, ನೆರಳು ನೋಡು. ಹುಲ್ಲಿನ ನೆರಳು ಹಾಗೆ ಬೀಳ್ತದಾ?"

ಹೊಡೆದ. ಹುಲ್ಲು ಎದ್ದು ಉರುಳಿತು. ಲಿಗೋರಿ "ಓ ದೇವಾ!" ಎಂದ. ಬಣ್ಣದ ಸಹಾಯವಿಲ್ಲದ ಕಣ್ಣು ಬೇರೆಯದನ್ನು ಹಿಡಿಯಲು ಕಲಿತಿತ್ತು. ಹಿತ್ತಲಿನ ಬಸಳೆ ಚಪ್ಪರದಲ್ಲಿ ಹಸಿರು ಹಾವನ್ನು ಯಾವಾಗಲೂ ಮೊದಲು ಕಾಣುತ್ತಿದ್ದವನು ಅವನೇ. ಅದು ಒಂದು ಸಾಮರ್ಥ್ಯವೆಂದು ಅವನಿಗೆ ಈವರೆಗೆ ಹೊಳೆದಿರಲಿಲ್ಲ. ರಂಜಿನಿ ಅವನನ್ನು ಬಾಯಿ ತೆರೆದು ನೋಡುತ್ತಿದ್ದಳು.

ಅವನು ಎದ್ದು ಅವಳ ಪರದೆಯಲ್ಲಿ ಅದೇ ಗುಡ್ಡವನ್ನು ನೋಡಿದ. ಮತ್ತೆ ಬಂದು ಇದನ್ನು ನೋಡಿದ.

"ಇದು," ಎಂದ, ಅಗಲದ ಪರದೆಯ ಅಂಚನ್ನು ಮುಟ್ಟಿ. "ಅದರಲ್ಲಿ ಕತ್ತಲೆಂದರೆ ಬರೀ ಕತ್ತಲೆ. ಇದರಲ್ಲಿ ಕತ್ತಲೆಯ ಒಳಗೆ ಇದ್ದದ್ದೂ ಕಾಣ್ತದೆ. ನನಗೆ ಇದೇ ಇಷ್ಟ."

ರಂಜಿನಿ ಆ ಪರದೆಯನ್ನೊಮ್ಮೆ ನೋಡಿದಳು. ಆಮೇಲೆ ಲಿಗೋರಿಯತ್ತ ತಿರುಗಿ, "ಇದೇ ಕೊಡಿ. ಬಣ್ಣ ನಾನು ಕೂತು ಸರಿ ಮಾಡ್ಕೊಳ್ತೇನೆ," ಎಂದಳು.

ರಿಕ್ಷಾದಲ್ಲಿ ಪೆಟ್ಟಿಗೆ ಇಬ್ಬರ ತೊಡೆಗಳ ಮೇಲೂ ಅಡ್ಡ ಮಲಗಿತ್ತು. ಒಂದು ಮೂಲೆ ಹೊರಗೆ ಗಾಳಿಗೆ ಚಾಚಿತ್ತು. ಲಾಲ್‌ಬಾಗ್ ಸರ್ಕಲ್ ದಾಟುವವರೆಗೆ ಇಬ್ಬರೂ ಸುಮ್ಮನಿದ್ದರು. ಮನೆಯ ಊಟದ ಹೊತ್ತಿನ ಮೌನದಂತಿರಲಿಲ್ಲ ಇದು.

"ಹುಟ್ಟಿದಾಗಿನಿಂದವಾ?" ಎಂದು ಅವಳೇ ಕೇಳಿದಳು.

"ಹೌದು. ಮೊದಲೇ ಹೇಳ್ಬೇಕಿತ್ತು ನಾನು."

"ಹೇಳ್ಬೇಕಿತ್ತು. ನಾನೊಬ್ಬಳು ದಿನಾ ಯೋಚಿಸಿ ಯೋಚಿಸಿ ಬಟ್ಟೆ ಹಾಕ್ಕೊಳ್ತಿದ್ದೆ, ಹುಚ್ಚಿಯ ಹಾಗೆ. ಎಂತ ಹಾಕಿದ್ರೂ ನಿಮಗೆ ಒಂದೇ!"

"ಒಂದೇ ಅಲ್ಲ." ಅವನು ಅವಳ ಕುರ್ತಾದ ತೋಳಿನತ್ತ ನೋಡಿದ. "ಇದರಲ್ಲಿ ಪೂರ್ತಿ ಸಣ್ಣ ಸಣ್ಣ ಎಲೆ ಉಂಟು. ಎಡತೋಳಿನಲ್ಲಿ ಒಂದೆಲೆ ಮಾತ್ರ ತಲೆಕೆಳಗೆ ಅಚ್ಚಾಗಿದೆ."

ಅವಳು ತೋಳನ್ನು ತಿರುಗಿಸಿ ಹುಡುಕಿದಳು. ಮೊಣಕೈಯ ಹತ್ತಿರ ಆ ಎಲೆ ಸಿಕ್ಕಿತು. ಬೆರಳಿಟ್ಟು ಅದನ್ನು ನೋಡುತ್ತ ಕೂತಳು. ಆಮೇಲೆ ನಗು ಶುರುವಾಯಿತು. ಪೆಟ್ಟಿಗೆ ಕುಣಿಯುವಷ್ಟು ನಕ್ಕಳು. ರಿಕ್ಷಾದವನು ಕನ್ನಡಿಯಲ್ಲಿ ನೋಡಿದ.

"ಅಮ್ಮನಿಗೆ ಹೇಳ್ಬೇಡ, ನಿನಗೆ ಗೊತ್ತಾಯ್ತು ಅಂತ," ಎಂದ ಶ್ರೀನಂದನ.

"ಹಾಗಾದ್ರೆ ನಾನು ಇದರಲ್ಲಿ ಎಂತ ಆಡ್ತೇನೆ ಅಂತ ನೀವೂ ಹೇಳ್ಲಿಕ್ಕಿಲ್ಲ."

"ಆಡ್ತೇವೆ," ಎಂದು ಅವನು ತಿದ್ದಿದ.

ಕಾವೂರಿನ ತಿರುವಿನಲ್ಲಿ ಉಬೈದನ ಹಣ್ಣಿನಂಗಡಿಯ ಮುಂದೆ ಅವಳು ರಿಕ್ಷಾ ನಿಲ್ಲಿಸಿದಳು. ಮುಂಡಪ್ಪ ಮಾವು ರಾಶಿ ಬಿದ್ದಿತ್ತು. ಪೆಟ್ಟಿಗೆಯನ್ನು ರಿಕ್ಷಾದಲ್ಲೇ ಬಿಟ್ಟು ಇಬ್ಬರೂ ಇಳಿದರು.

"ಹಣ್ಣಾದದ್ದು ನಿಮಗೆ ಹೇಗೆ ಗೊತ್ತಾಗ್ತದೆ ಹಾಗಾದ್ರೆ?"

ಶ್ರೀನಂದನ ಒಂದು ಮಾವನ್ನು ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೂಗಿಗೆ ಹಿಡಿದ. "ತೊಟ್ಟಿನ ಹತ್ತಿರ ಮೂಸ್ಬೇಕು. ಕೆಳಗಲ್ಲ. ತೊಟ್ಟಿನ ಹತ್ತಿರ."

"ಕೊಡಿ ಇಲ್ಲಿ. ಇನ್ನೊಂದೂ ಕೊಡಿ."

ಅವನು ಎರಡು ಕೊಟ್ಟ. ಉಬೈದ್ ಕಾಗದದ ಚೀಲದ ಬಾಯಿ ಬಿಡಿಸಿಕೊಂಡು ನಿಂತಿದ್ದ. ರಂಜಿನಿ ಕಣ್ಣು ಮುಚ್ಚಿಕೊಂಡಳು. ಎಡಗೈಯ ಹಣ್ಣನ್ನು ಮೂಗಿನ ಬಳಿ ತಂದಳು, ಆಮೇಲೆ ಬಲಗೈಯದ್ದನ್ನು, ಮತ್ತೆ ಎಡಗೈಯದ್ದನ್ನು.