ದಾವಲಬಿಯ ಝುಮಕಿ, ಖಾಸಿಂಬಿಯ ಬಾಲಿ

ಕೊಟ್ಟವರ ಹೆಸರು ಊರ ಬಾಯಲ್ಲಿ ಉಳಿಯುತ್ತದೆ, ಕೊಟ್ಟದ್ದನ್ನು ಕಾಯುವವರ ಮಂಡಿ ಸವೆಯುತ್ತದೆ. ಮುಂಬಯಿಯ ಜೋಗೇಶ್ವರಿಯ ಚಾಳಿನ ಖಾಸಿಂಬಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಮಂಡಿಗಳೇ ಹೇಳುತ್ತಿದ್ದವು.

ಅವಳ ಅತ್ತೆ ದಾವಲಬಿ ವಿಜಾಪುರದಿಂದ ಮುಂಬಯಿಗೆ ಬರುವಾಗ ತಂದ ಆಸ್ತಿಯೆಂದರೆ ಕಿವಿಯಲ್ಲಿ ತೂಗುತ್ತಿದ್ದ ಒಂದು ಜೊತೆ ಚಿನ್ನದ ಝುಮಕಿ. ಸಂಜೆ ಒಲೆಯ ಮುಂದೆ ಕೂತು ಅತ್ತೆ ಕಥೆ ಹೇಳುತ್ತಿದ್ದಳು. ಹಿಂದೆ ಬೇಗಮರು ದೇವರ ಹೆಸರಿನಲ್ಲಿ ಬಾವಿ ತೋಡಿಸಿದರಂತೆ, ದಾರಿಹೋಕರು ತಂಗಲು ಛತ್ರ ಕಟ್ಟಿಸಿದರಂತೆ. ಒಮ್ಮೆ ಬಾಯಿಬಿಟ್ಟು ‘ವಕ್ಫ್’ ಅಂದರೆ ಮುಗಿಯಿತು, ಆ ವಸ್ತು ದೇವರದು. ಮಾರುವಂತಿಲ್ಲ, ಮಕ್ಕಳಿಗೆ ಹಂಚುವಂತಿಲ್ಲ, ಕೊಟ್ಟವಳೇ ಮರಳಿ ಕೇಳುವಂತಿಲ್ಲ. ಬಾವಿ ತೋಡಿಸುವ ಸಿರಿ ದಾವಲಬಿಗೆ ಎಲ್ಲಿಂದ ಬರಬೇಕು? ಒಂದು ದಿನ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಝುಮಕಿ ಬಿಚ್ಚಿ ವಕ್ಫ್ ಮಾಡಿಬಿಟ್ಟಳು. ಬಡವರ ಮನೆಯ ಮದುಮಗಳು ಅದನ್ನು ಹಾಕಿಕೊಳ್ಳಬೇಕು; ಮದುವೆಯಾದ ಮೇಲಿನ ಮೊದಲ ಶುಕ್ರವಾರ ತವರಿನಲ್ಲಿ ಜುಮಾಗಿಯ ಊಟ ಉಂಡು ಬಂದ ಮರುದಿನ ಅದು ಮರಳಬೇಕು. ಇದು ಅವಳ ಶರತ್ತು.

ಅತ್ತೆ ಹೋದಳು, ಶರತ್ತು ಸೊಸೆಯ ಕೊರಳಿಗೆ ಬಿತ್ತು. ಝುಮಕಿ ಒಯ್ಯುವ ದಿನ ಖಾಸಿಂಬಿಗೆ ಶರಬತ್ತು, ಹೂವು. ತರುವ ದಿನ ಬಾಗಿಲಲ್ಲೇ ಬಿಗಿದ ಮುಖ. ಹರಸುವವರೆಲ್ಲ ದಾವಲಬಿಯನ್ನು ಹರಸುತ್ತಿದ್ದರು, ನಿಟ್ಟುಸಿರು ಮಾತ್ರ ಖಾಸಿಂಬಿಗೆ ತಟ್ಟುತ್ತಿತ್ತು. ಈ ಕೆಲಸ ನೀನು ನೋಡಿಕೋ ಎಂದು ತನ್ನ ಸೊಸೆಯನ್ನು ಕೇಳಿದ್ದಳು. ಇನ್ನೊಬ್ಬರ ಕಿವಿಗೆ ಕೈ ಹಾಕುವುದು ತನ್ನಿಂದಾಗದು ಎಂದು ಸೊಸೆ ತಟ್ಟೆ ತೊಳೆಯುತ್ತಲೇ ಹೇಳಿಬಿಟ್ಟಿದ್ದಳು.

ಆ ಶನಿವಾರ ಝುಮಕಿ ತರಲು ದಹಿಸರಿಗೆ ಹೊರಟಾಗ ಪಕ್ಕದ ಖೋಲಿಯ ನಾಗವ್ವ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಕೊಟ್ಟಾಕಿ ಸ್ವರ್ಗದಾಗ, ಇಸ್ಕೊಳ್ಳಾಕಿ ಲೋಕಲ್‌ದಾಗ,” ಎಂದಳು ನಾಗವ್ವ.

ಖಾಸಿಂಬಿ ನಗಲಿಲ್ಲ. ನಗುವುದಕ್ಕೂ ಒಂದಿಷ್ಟು ಕಸುವು ಬೇಕಲ್ಲ.

ದಹಿಸರಿನ ಮದುಮಗಳು ಜೈತೂನ, ತಾಯಿಯಿಲ್ಲದ ಹುಡುಗಿ; ಚಿಕ್ಕಪ್ಪ ಸಾಕಿ ಮದುವೆ ಮಾಡಿದ್ದ. ಗಂಡನ ಮನೆಯವರದು ಸಣ್ಣ ಕಿರಾಣಿ ಅಂಗಡಿ. ಝುಮಕಿ ಎರವಲಿನದು ಎಂದು ಅವರಿಗೆ ಗೊತ್ತಿರಲಿಲ್ಲ. ತವರಿನ ಕಡೆಯವಳು ಬಂದಿದ್ದಾಳೆಂದು ಜೈತೂನಳ ಅತ್ತೆ ಚಹಾ ಮಾಡಲು ಹೇಳಿ ಅಂಗಡಿಯ ಕಡೆ ಹೋದಳು. ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

ಹುಡುಗಿ ಹಟ ಮಾಡಲಿಲ್ಲ. ತಾನೇ ತಲೆ ಬಾಗಿಸಿ ಕಿವಿ ಒಡ್ಡಿದಳು. ಅದೇ ಖಾಸಿಂಬಿಗೆ ಕಷ್ಟವಾಯಿತು. ಎಡಗಿವಿಯದು ಬಿಚ್ಚಿದಳು, ಬಲಗಿವಿಯದು ಬಿಚ್ಚಿದಳು. ಜೈತೂನ ಸೆರಗನ್ನು ಕಿವಿಯ ಮೇಲಕ್ಕೆ ಎಳೆದುಕೊಂಡಳು.

“ಝುಮಕಿ ಭಾರ ಅಂತ ಪೆಟ್ಟಿಗ್ಯಾಗ ಇಟ್ಟೀನಿ ಅಂದ್ರ ನಂಬ್ತಾರ, ಖಾಲಾ. ಬರೇ ಕಿವಿಗೆ ಏನ್ ಹೇಳ್ಲಿ?”

ಇನ್ನೆರಡು ವಾರ ಇರಲಿ ಎಂದುಬಿಡಬಹುದಿತ್ತು. ಆದರೆ ಶರತ್ತು ದಾವಲಬಿಯದು. ಕಾಯುವವಳಿಗೆ ಅದನ್ನು ಒಂದು ದಿನವೂ ಎಳೆಯುವ ಹಕ್ಕಿಲ್ಲ. ಚೆಂಬೂರಿನ ಇನ್ನೊಬ್ಬ ಮದುಮಗಳಿಗೆ ಮಾತೂ ಕೊಟ್ಟಾಗಿತ್ತು. ಖಾಸಿಂಬಿ ಗೋಡೆಗೊರಗಿದಳು. ಎಷ್ಟು ಅಡುಗೆಮನೆಗಳಲ್ಲಿ ಹೀಗೆ ಎಷ್ಟು ಕಿವಿಗಳನ್ನು ಬರಿದು ಮಾಡಿದ್ದಳೋ. ಹೊರಗಿನಿಂದ ಜೈತೂನಳ ಅತ್ತೆಯ ಮೆಟ್ಟಿನ ಸದ್ದು ಕೇಳಿಸಿತು.

ಅವಳ ಕೈ ತನ್ನ ಕಿವಿಗೆ ಹೋಯಿತು. ಅಲ್ಲಿದ್ದವು ತವರಿನ ಬಾಲಿ, ಅವ್ವ ಹಾಕಿಸಿದ್ದ, ಸಣ್ಣ ಬಳೆಯಂಥ ಕಿವಿಯೋಲೆ. ಕೈಯಲ್ಲಿದ್ದ ಚಿನ್ನ ದೇವರದು. ಇಷ್ಟು ಮಾತ್ರ ಅವಳದು. ಬಿಚ್ಚಿದಳು.

ಖೈರಾತಿನ ದಾನ ಬೇಡ ಎಂದು ಹುಡುಗಿ ಹಿಂದೆ ಸರಿದಳು.

“ನಿನಗ ಯಾರ್ ಕೊಟ್ರವಾ? ಅಲ್ಲಾನ ಹೆಸರಿಗೆ ವಕ್ಫ್ ಮಾಡೀನಿ. ನನ್ನ ಶರತ್ತು ಕೇಳು. ನಿನ್ನ ಕೈಲೆ ನಿನಗೊಂದು ಜೋಡಿ ಆಗೂತನ ಹಾಕ್ಕೋ. ಆಮ್ಯಾಲೆ ನೀನ ಇನ್ನೊಬ್ಬ ಬರೇ ಕಿವ್ಯಾಕಿನ್ನ ಹುಡುಕಿ ಹಾಕು. ಇಸ್ಕೊಳ್ಳಾಕ ಯಾರೂ ಬರಾಂಗಿಲ್ಲ. ನಾ ಅಂತೂ ಬರಾಂಗಿಲ್ಲ.”

ಅತ್ತೆ ಒಳಗೆ ಬಂದಾಗ ಬಾಲಿ ಹುಡುಗಿಯ ಕಿವಿಯಲ್ಲಿತ್ತು. ಝುಮಕಿ ಭಾರವಾಯಿತಾ ಎಂದು ಕೇಳಿ ಅವಳು ಸಕ್ಕರೆ ಡಬ್ಬಿಗೆ ಕೈ ಹಾಕಿದಳು.

ತಿರುಗಿ ಬರುವಾಗ ಲೋಕಲ್‌ನ ಕಿಟಕಿಯ ಗಾಳಿ ಕಿವಿಗೆ ತಣ್ಣಗೆ ತಾಗಿತು. ಬಾವಿ ತೋಡಿಸಿದ ಬೇಗಮರು ಪುಣ್ಯಕ್ಕಾಗಿ ತೋಡಿಸಿದರೋ, ನೀರು ಕೇಳಿ ಬಾಗಿಲು ಬಡಿಯುವವರಿಗೆ ಎದ್ದೆದ್ದು ಸಾಕಾಗಿ ತೋಡಿಸಿದರೋ ಎಂದು ಖಾಸಿಂಬಿಗೆ ಅನಿಸಿತು. ದಾವಲಬಿ ಇದ್ದಿದ್ದರೆ ಕೇಳಬಹುದಿತ್ತು.

ನಾಗವ್ವನ ಕಣ್ಣು ಮೊದಲು ಕಿವಿಗೇ ಬಿತ್ತು. ಏನಾಯಿತೆಂದು ಕೇಳಿ ತಿಳಿದುಕೊಂಡಳು. ಕಸಬರಿಗೆಯಿಂದ ಎರಡು ಕಡ್ಡಿ ಮುರಿದು ತಂದಳು.

“ತೂತಿಗೆ ಹಾಕ್ಕೋ, ಇಲ್ಲಾಂದ್ರ ಮುಚ್ಚತಾವ.”

“ಮುಚ್ಚಲಿ ಬಿಡು,” ಎಂದಳು ಖಾಸಿಂಬಿ. ಕೊಟ್ಟದ್ದು ಮರಳುವುದಿಲ್ಲವಲ್ಲ.

ಝುಮಕಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಳು. ಚೆಂಬೂರಿಗೆ ಹೋಗಬೇಕೆಂದರೆ ದಾದರಿನಲ್ಲಿ ಗಾಡಿ ಬದಲಿಸಬೇಕು, ಸೇತುವೆಯ ಮೆಟ್ಟಿಲು ಹತ್ತಬೇಕು. ಅವಳು ಮಂಡಿಗೆ ಎಣ್ಣೆ ತಿಕ್ಕುತ್ತ ಕೂತಳು.