ಅಂಜಿನಿ ಆಡಿದ ಮಾತು

“ಲೇ ಹಲ್ಕಟ್ ರಂಡಿ, ಜಲ್ದಿ ಕಾಲಾಡ್ಸಲೇ! ಸೂರ್ಯ ಏನು ನಿಮ್ಮಪ್ಪನ ಮನಿ ಆಳೇನು, ನಿನಗ ಕಾಯಾಕ?”

ಮಿಲ್ಲಿನ ಸಾವ್ಕಾರ ಗಾದಿಲಿಂಗಪ್ಪ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತೇ ಹೊಳೆಮ್ಮನ ಮೇಲೆ ಕೂಗಿದ. ಬೈಯುವ ಮೊದಲು ಗಂಟಲು ಕೆರೆಯುವುದು, ಬೈದಾದ ಮೇಲೆ ಥೂ ಎಂದು ಉಗುಳುವುದು ಅವನ ರೂಢಿ. ಕಂಪ್ಲಿಯ ಆ ರೈಸ್ ಮಿಲ್ಲಿನ ಸಿಮೆಂಟ್ ಕಣದ ತುಂಬ ಬೇಯಿಸಿದ ಭತ್ತ ಒಣಗಲು ಹರಡಿತ್ತು. ಹೆಣ್ಣಾಳುಗಳು ಅದರೊಳಗೆ ಪಾದ ಎಳೆಯುತ್ತ, ಮೇಲಿನ ಕಾಳು ಕೆಳಗೆ ಮಾಡುತ್ತ ನಡೆಯುತ್ತಿದ್ದರು. ಹೊಳೆಮ್ಮನ ಅಂಗಾಲು ಬಿಸಿಗೆ ದಪ್ಪಗಟ್ಟಿ ಬಹಳ ಕಾಲವಾಗಿತ್ತು.

“ನಿನ್ನಿ ಎಲ್ಲಿ ಹಾಳಾಗಿ ಹೋಗಿದ್ದಿ?”

“ನಿನ್ನಿ ಸೋಮಾರ ಇತ್ತಲ್ರೀ ಸಾವ್ಕಾರ್ರೇ. ಹುಡುಗೀನ ಕರ್ಕೊಂಡು ಹೊಸಪ್ಯಾಟಿ ದವಾಖಾನಿಗೆ ಹೋಗಿದ್ನಿ.”

“ಮೂಕಿಗೆ ಮಾತು ಕಲ್ಸಾಕ?” ಅವನು ನಕ್ಕ. “ಕಲ್ತು ಏನು ಕಿಸೀತೈತಿ? ನಾಳಿ ಅದೂ ನಿನ್ನಂಗ ಭತ್ತ ತುಳೀತೈತಿ. ತುಳಿಯಾಕ ಮಾತ್ಯಾಕ ಬೇಕಲೇ? ಕಾಲಿದ್ರ ಸಾಕು. ಇನ್ನೊಂದು ಸೋಮಾರ ತಪ್ಪಿಸಿದಿ ಅಂದ್ರ ಖೋಲಿ ಬಿಟ್ಟು ನಡಿ.”

ಮಿಲ್ಲಿನ ಹಿಂದಿನ ಆ ತಗಡಿನ ಖೋಲಿ ಹೊಳೆಮ್ಮನಿಗೆ ಸಿಕ್ಕಿದ್ದು ಗಂಡ ಸತ್ತಾಗ. ಗೋದಾಮಿನಲ್ಲಿ ಚೀಲದ ರಾಶಿ ಕುಸಿದು ಹಮಾಲಿ ಮಾಡುತ್ತಿದ್ದ ಗಂಡ ಅಡಿಯಲ್ಲಿ ಉಳಿದ. ಪರಿಹಾರ ಗಿರಿಹಾರ ಕೇಳಬಾರದು, ಇರಲಿಕ್ಕೆ ಜಾಗ ಕೊಡುತ್ತೇನೆ ಎಂದಿದ್ದ ಗಾದಿಲಿಂಗಪ್ಪ. ಅವಳು ಕೇಳಲಿಲ್ಲ. ಆಗ ಅಂಜಿನಿ ಕಂಕುಳಲ್ಲಿದ್ದಳು.

ಈಗ ಅಂಜಿನಿಗೆ ಆರು ವರ್ಷ. ಕಣದ ಬದಿಯ ನೆರಳಲ್ಲಿ ಕೂತು ಹೊಟ್ಟನ್ನು ಹಿಡಿ ತುಂಬಿ ಎತ್ತುತ್ತಾಳೆ, ಸುರಿಯುತ್ತಾಳೆ, ಬೀಳುವುದನ್ನೇ ನೋಡುತ್ತಾಳೆ. ಕರೆದರೆ ತಿರುಗುವುದಿಲ್ಲ. ಹಸಿವಾದರೆ ಅವ್ವನ ಮಣಿಕಟ್ಟು ಹಿಡಿದು ಗಡಿಗೆಯ ತನಕ ಎಳೆದುಕೊಂಡು ಹೋಗುತ್ತಾಳೆ. ಮುಖ ನೋಡದೆ, ಮಾತಿಲ್ಲದೆ.

ದವಾಖಾನೆಗೆ ಸೋಮವಾರಕ್ಕೊಮ್ಮೆ ಬರುವ, ಮಾತು ಕಲಿಸುವ ಶ್ರೀವಾಣಿ ಎಂಬ ಮೇಡಂ ಅಂಜಿನಿಯ ಎದುರು ನೆಲದ ಮೇಲೆಯೇ ಕೂರುತ್ತಾರೆ. ಸೋಪಿನ ಗುಳ್ಳೆ ಊದುತ್ತಾರೆ, ನಿಲ್ಲಿಸುತ್ತಾರೆ, ಹುಡುಗಿ ಇನ್ನೂ ಬೇಕೆಂದು ಯಾವ ರೀತಿಯಲ್ಲಾದರೂ ಕೇಳುವ ತನಕ ಕಾಯುತ್ತಾರೆ.

“ಇಕಿ ಮೂಕಿ ಅಲ್ಲ ಹೊಳೆಮ್ಮ. ಆಟಿಸಂ ಅಂತಾರ ಇದಕ್ಕ. ಎಲ್ಲಾ ಕೇಳಿಸ್ತದ ಇಕಿಗೆ, ಒಳಗ ಇಟ್ಕೊಂಡಾಳ. ಇಂಥ ಮಕ್ಕಳು ಎಷ್ಟೋ ಸಲ ಕೇಳಿದ್ದನ್ನ ಹಂಗಾ ಒಪ್ಪಿಸಿಬಿಡ್ತಾರ. ಕಂಡಕ್ಟರ್ ಕೂಗಿದ್ದಾಗ್ಲಿ, ಟಿವಿ ಜಾಹೀರಾತಾಗ್ಲಿ. ಏನು ಬಂದ್ರೂ ಬಾಯಿ ಮುಚ್ಚಿಸಬ್ಯಾಡ್ರಿ. ಈಗ ಹೆದರಿಸಿದ್ರ ಮತ್ತ ಯಾವಾಗ ಬರ್ತದೋ ಹೇಳಾಕ ಆಗಲ್ಲ.”

“ನನ್ನ ಅವ್ವ ಅನ್ನದಿದ್ರೂ ನಡೀತೈತ್ರಿ ಮೇಡಮ್ಮಾರೆ,” ಎಂದಿದ್ದಳು ಹೊಳೆಮ್ಮ. “ಹಸುವಾಗೈತಿ ಅನ್ನಾಕ ಬಂದ್ರ ಸಾಕು. ನಾ ಇಲ್ದಾಗ ಯಾರ ಕೈ ಹಿಡ್ದು ಎಳೀತಾಳ್ರಿ?”

ಶ್ರೀವಾಣಿ ಹುಡುಗಿಯ ಕಡೆ ತಿರುಗಿದರು. ಮತ್ತೆ ಗುಳ್ಳೆ ಊದಿದರು.

ಆ ವಾರವೇ ಅಮಾವಾಸ್ಯೆ ಬಂತು. ಅಮಾವಾಸ್ಯೆಗೊಮ್ಮೆ ಮಿಲ್ಲು ನಿಲ್ಲಿಸಿ ಮಷಿನ್ನಿಗೆ ಪೂಜೆ. ಬಳ್ಳಾರಿಯಿಂದ ಅಕ್ಕಿ ಖರೀದಿಯ ವ್ಯಾಪಾರಸ್ಥರೂ ಬಂದಿದ್ದರು. ಮಠದ ಅಯ್ಯನವರು ಮಣೆಯ ಮೇಲೆ ಕೂತಿದ್ದರು. ಆಳುಗಳು ಮಷಿನ್ ಮನೆಯ ಹೊಸ್ತಿಲ ಹೊರಗೆ ಸಾಲಾಗಿ ನಿಂತಿದ್ದರು. ಗಾದಿಲಿಂಗಪ್ಪನ ಹೆಂಡತಿ ಶೈಲಜಾ ಒಳಗಿನಿಂದಲೇ ಮಂಡಕ್ಕಿ, ಕೊಬ್ಬರಿ ಚೂರು ಮೇಲಿನಿಂದ ಬಿಡುತ್ತಿದ್ದಳು. ಕೈ ಕೈಗೆ ತಾಗದ ಹಾಗೆ. ಅರ್ಧ ನೆಲಕ್ಕೆ ಬೀಳುತ್ತಿತ್ತು.

ಮಂಗಳಾರತಿ ಹೊತ್ತಿಸಿದರು. ಉರಿಯನ್ನು ಕಂಡ ಅಂಜಿನಿ ಅವ್ವನ ಸೆರಗು ಬಿಟ್ಟು ಹೊಸ್ತಿಲು ದಾಟಿದಳು.

“ಏ, ಏ! ಒಳಗ ಬಂತಲ್ಲೇ ಅದು!” ಒಳಗಿನಿಂದ ಯಾರೋ ಕೂಗಿದರು.

ಹೊಳೆಮ್ಮ ಕೈ ಚಾಚುವಷ್ಟರಲ್ಲಿ ಅಂಜಿನಿ ಆರತಿಯ ಮುಂದೆ ನಿಂತಿದ್ದಳು. ಗಂಟಲು ಕೆರೆದಳು.

“ಲೇ ಹಲ್ಕಟ್ ರಂಡಿ, ಜಲ್ದಿ ಕಾಲಾಡ್ಸಲೇ! ಥೂ!”

ಒಂದಕ್ಷರವೂ ತೊದಲಲಿಲ್ಲ. ಎಳೆಯ ಗಂಟಲಲ್ಲಿ ಸಾವ್ಕಾರನದೇ ಏರು, ಸಾವ್ಕಾರನದೇ ಎಳೆತ. ಉಗುಳು ಅಯ್ಯನವರ ಮಣೆಯ ಹತ್ತಿರ ಬಿತ್ತು.

ಗಂಟೆ ನಿಂತಿತು. ವ್ಯಾಪಾರಸ್ಥನೊಬ್ಬ ಬಾಯಿಗೆ ಕರ್ಚೀಫು ಹಿಡಿದ. ಹೊಳೆಮ್ಮನಿಗೆ ಮೊದಲು ಮಾತಿನ ಅರ್ಥ ಹತ್ತಲಿಲ್ಲ. ಮಗಳ ದನಿ ಹೀಗಿದೆಯೇ, ಇಷ್ಟು ಸಣ್ಣಗೆ, ಇಷ್ಟು ಸ್ಪಷ್ಟ?

“ಯಾವ ಬೋಸುಡಿಮಗ ಕಲ್ಸ್ಯಾನಲೇ ಇದ್ನ?” ಗಾದಿಲಿಂಗಪ್ಪ ಕಿರುಚಿದ.

ಸಾಲಿನ ಕೊನೆಯಲ್ಲಿದ್ದ ಹಮಾಲಿ ಕೆಂಚಣ್ಣ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ. “ಕಲ್ಸಾಕ ಯಾರೂ ಬ್ಯಾರೆ ಬರಬೇಕಿಲ್ರಿ. ದಿನಾ ಕಣದಾಗ ಸಾಲಿ ನಡೀತೈತಲ್ರಿ.”

ಯಾರೋ ಹೆಂಗಸು ಕಿಸಕ್ಕೆಂದಳು. ಗಾದಿಲಿಂಗಪ್ಪ ಬಂದು ಹೊಳೆಮ್ಮನ ತೋಳು ಹಿಡಿದು ಒಳಗೆಳೆದ. ಇಷ್ಟು ವರ್ಷದಲ್ಲಿ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

“ನೀನಾ ಕಲ್ಸೀದಿ. ಸೋಮಾರಕ್ಕೊಮ್ಮಿ ಹೋಗಿ ಇದ್ನಾ ಕಲ್ಸಿಕೊಂಡು ಬಂದಿ. ಮಂದಿ ಮುಂದ ನನ್ನ ಮಾನ ಕಳೆಯಾಕ!”

“ದೇವರಾಣಿ ಇಲ್ರೀ ಸಾವ್ಕಾರ್ರೇ. ಅದಕ್ಕ ತಿಳಿಯಂಗಿಲ್ರಿ. ಕೇಳಿದ್ದು ಅಂದೈತಿ.”

“ಹೊಲಸು ನಾಲಿಗಿ,” ಎಂದರು ಅಯ್ಯನವರು, ಕಣ್ಣು ಅರ್ಧ ಮುಚ್ಚಿ. “ಪೂಜಿ ಕೆಡ್ತು. ಹೆತ್ತಾಕಿನಾ ಕೂಸಿನ ಬಾಯಿಗೆ ಬರಿ ಎಳೀಲಿ. ಮುಂದ ಆಡಂಗಿಲ್ಲ.”

ಪ್ರಸಾದಕ್ಕೆಂದು ಹೂಡಿದ್ದ ಒಲೆಯೊಳಗಿಂದ ಕಾದ ಸೌಟು ಬಂತು. ಶೈಲಜಾ ಅದನ್ನು ಬಟ್ಟೆಯಲ್ಲಿ ಹಿಡಿದಿದ್ದಳು.

“ಬ್ಯಾಡ್ರಿ,” ಎಂದಳು ಗಂಡನಿಗೆ, ಮೆಲ್ಲಗೆ. “ಕೂಸದು.”

“ನೀ ಬಾಯಿ ಮುಚ್ಚು.” ಅವನು ಸೌಟನ್ನು ಬಟ್ಟೆಯ ಸಮೇತ ಕಸಿದುಕೊಂಡು ಹೊಳೆಮ್ಮನ ಮುಂದೆ ಹಿಡಿದ. “ಎಳೀಲೇ. ಎಳೆದು, ಹುಡುಗೀನ ಅಯ್ಯನವರ ಕಾಲಿಗೆ ಹಾಕು. ಖೋಲಿ ಉಳೀತೈತಿ, ಕೂಲಿ ಉಳೀತೈತಿ. ಇಲ್ಲಾಂದ್ರ ಈಗಿಂದೀಗ್ಲೇ ಗಂಟು ಕಟ್ಟು. ಕಂಪ್ಲಿಯಾಗಿನ ಯಾವ ಮಿಲ್ಲಿನಾಗ ನಿನಗ ಕಾಲಿಡಾಕ ಕೊಡ್ತಾರ, ನೋಡ್ತೀನಿ.”

ಹೊಳೆಮ್ಮ ಸೌಟು ತೆಗೆದುಕೊಂಡಳು. ಅಂಜಿನಿ ಉರಿಯನ್ನೇ ನೋಡುತ್ತ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಮಾತು ಮತ್ತೆ ಒಳಗೆ ಹೋಗುತ್ತಿದೆ ಎನಿಸಿತು ಹೊಳೆಮ್ಮನಿಗೆ. ಬಂದದ್ದು ಬಂದ ದಾರಿಯಲ್ಲೇ ಒಳಗೆ ಹೋಗುತ್ತಿದೆ.

ಅವಳು ಸೌಟನ್ನು ಆರತಿ ತಟ್ಟೆಯ ಮೇಲೆ ಎಸೆದಳು. ಉರಿ ಆರಿತು. ಗಾದಿಲಿಂಗಪ್ಪನಿಗೆ ಬೆನ್ನು ಮಾಡಿ ಮಗಳ ಮುಂದೆ ನೆಲಕ್ಕೆ ಕೂತಳು. ಆ ಸಣ್ಣ ಮುಖ ತನ್ನ ಮುಖದ ಮಟ್ಟಕ್ಕೆ ಬರುವ ಹಾಗೆ.

“ಅನ್ನವ್ವಾ,” ಎಂದಳು. “ಇನ್ನೊಮ್ಮಿ ಅನ್ನು. ಜೋರಾಗಿ ಅನ್ನು.”

ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಹತ್ತಿರವಾಯಿತು. ಹೊಳೆಮ್ಮ ತಿರುಗಲಿಲ್ಲ. ಮಗಳ ತುಟಿಗಳನ್ನೇ ನೋಡುತ್ತ ಕೂತಳು.