ಕ್ಯಾಸೆಟ್ಟಿಲ್ಲದ ಕ್ಯಾಮೆರಾ

ಮಾಲಾಳ ಕ್ಯಾಮೆರಾ ಅವಳ ಅಂಗೈಯಲ್ಲೇ ಅಡಗುವಷ್ಟು ಚಿಕ್ಕದಿತ್ತು. ಅದನ್ನು ಹಿಡಿದು ಅವಳು ಮದುವೆಯ ಸುರಗಿ ಸ್ನಾನಕ್ಕೆಂದು ನಾಲ್ಕು ಮೂಲೆಗಿಟ್ಟ ತಂಬಿಗೆಗಳ ಸುತ್ತ, ಸುತ್ತಿದ ನೂಲು ತಾಕದಂತೆ ಓಡಾಡುತ್ತಿದ್ದರೆ, ಮದುಮಕ್ಕಳಿಗೆ ನೀರೆರೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳಾದರೂ ಸೆರಗು ಮುಂದಕ್ಕೆ ಎಳೆದುಕೊಳ್ಳಲಿಲ್ಲ. ಮದುಮಗಳು ಅಕ್ಷತಾ ತಣ್ಣೀರಿಗೆ ಬೆಚ್ಚಿ ಕಿಲಕಿಲ ನಕ್ಕಳು. ಎಂಬತ್ತು ದಾಟಿದ ಶಂಕ್ರೆವ್ವ ಬೊಚ್ಚುಬಾಯಿ ತೆರೆದು ಹಾಡಿದ್ದೇ ಹಾಡಿದ್ದು. ಚಪ್ಪರದ ಕಂಬಕ್ಕೆ ಆನಿಕೊಂಡು ಇದನ್ನೆಲ್ಲ ನೋಡುತ್ತಿದ್ದ ಮುತ್ತಣ್ಣನ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಹದಿಮೂರು ವರ್ಷ ಮಹಾಲಿಂಗಪುರದ ಸುತ್ತಿನ ಹಳ್ಳಿಗಳಲ್ಲಿ ಮದುವೆ ವಿಡಿಯೊ ಎಂದರೆ ಮುತ್ತಣ್ಣ. ಹೆಗಲ ಮೇಲೆ ಕೂರುವ ದೊಡ್ಡ ಕ್ಯಾಮೆರಾ, ಅದರ ಹಿಂದೆ ಮಾರುದ್ದ ವೈರು, ಕಣ್ಣು ಕುಕ್ಕುವ ಲೈಟು. ಅವನು ಬಂದರೆ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಅಯ್ಯನವರು ತಾಳಿಯನ್ನು ಅವನತ್ತ ಎತ್ತಿ ತೋರಿಸಿ, ಅವನು ಗೋಣು ಹಾಕಿದ ಮೇಲೆಯೇ ಮುಂದಿನ ಮಂತ್ರ ಹೇಳುತ್ತಿದ್ದರು. ಆ ಬೆಳಕಿಗೆ ಹೆಂಗಸರು ಮುಖ ಮುಚ್ಚಿಕೊಳ್ಳುವುದನ್ನು ಅವನು ಇಷ್ಟು ದಿನ ತನಗೆ ಕೊಡುವ ಮರ್ಯಾದೆಯೆಂದೇ ತಿಳಿದಿದ್ದ.

ಮಾಲಾ ಮಾಡುತ್ತಿದ್ದುದಾದರೂ ಏನು? ಬಸ್ ಸ್ಟ್ಯಾಂಡಿನ ಎದುರು ಕೂತು ಲಗ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಮುತ್ತಣ್ಣನ ಕ್ಯಾಸೆಟ್ಟುಗಳಿಗೆ ಹೆಸರಿನ ಚೀಟಿ ಮಾಡಿಕೊಡುತ್ತಿದ್ದಳು. ಹೋದ ವರ್ಷ ಅವಳು ಕೊಲ್ಲಾಪುರದಿಂದ ಈ ಕ್ಯಾಮೆರಾ ತಂದಾಗ ಆಟಿಕೆ ಸಾಮಾನು ಎಂದು ಊರಿಗೆಲ್ಲ ಮೊದಲು ನಕ್ಕವನು ಇವನೇ. ಈಗ, ಎರಡು ಸಾವಿರದ ಹತ್ತರ ಈ ಬೇಸಿಗೆಯಲ್ಲಿ, ಅವನಿಗೆ ಸಿಕ್ಕಿದ್ದು ಎರಡೇ ಮದುವೆ. ಅದೂ ಹೋಗಲಿ. ಒಡಹುಟ್ಟಿದ ತಂಗಿ ಪದ್ಮವ್ವ ಕೂಡ ಮಗಳ ಮದುವೆಗೆ ಅವಳನ್ನೇ ತನ್ನೂರು ರನ್ನ ಬೆಳಗಲಿಗೆ ಕರೆಸಿದ್ದಳು.

"ನೀ ಸೋದರಮಾವ ಅದೀಯಣ್ಣಾ," ಎಂದಿದ್ದಳು ಪದ್ಮವ್ವ, ಮೂರು ವಾರದ ಹಿಂದೆ. "ದೊಡ್ಡಾಕಿ ಲಗ್ನದಾಗ ನೀ ಕ್ಯಾಮೆರಾ ಹಿಡಕೊಂಡ ನಿಂತಿ. ಬಾಸಿಂಗ ಕಟ್ಟಾಕ ಕಾಕಾನ ಮಗಾ ಹಣಮಂತನ್ನ ಕರೀಬೇಕಾತು. ಈ ಸಲ ನೀನ ಕಟ್ಟು. ಆರಾಮ ಇರು."

"ನನ್ನ ಕ್ಯಾಮೆರಾಕ್ಕ ಏನ ಬಂದೈತಿ?"

"ಏನೂ ಬಂದಿಲ್ಲ. ಅಕ್ಷತಾ ಹಟಾ ಹಿಡದಾಳ. ಮಾಲಾಂದು ಭಾಳ ಚೊಕ್ಕ ಕಾಣತೈತಂತ."

ಚೊಕ್ಕ ಎಂಬ ಆ ಒಂದು ಮಾತು ಅಂದಿನಿಂದ ಅವನಿಗೆ ಅನ್ನ ಸೇರಗೊಟ್ಟಿರಲಿಲ್ಲ.

ಸುರಗಿ ಮುಗಿಯಿತು. ಬೀರಪ್ಪ ದೇವರ ಭಂಡಾರದ ಅರಿಸಿನ ಪುಡಿ ಎಲ್ಲರ ಹಣೆಗೂ ಕೈಗೂ ಹತ್ತಿತು. ಒಳಗೆ ಅಕ್ಷತಾಳ ಸೀರೆಯ ನೆರಿಗೆ ನಿಲ್ಲುತ್ತಿಲ್ಲವೆಂದು ಯಾರೋ ಕೂಗಿದರು. ಹಿತ್ತಿಲ ಕಡೆಯ ಕೋಣೆಯಲ್ಲಿ ಒಬ್ಬನೇ ಕೂತಿದ್ದ ಮುತ್ತಣ್ಣನ ಮುಂದಿನ ಟ್ರಂಕಿನ ಮೇಲೆ ಮಾಲಾ ಕ್ಯಾಮೆರಾ ಇಟ್ಟು, "ಕಾಕಾರ, ಇದನ್ನಷ್ಟ ನೋಡಕೋರಿ, ಬಂದೆ," ಎಂದು ಓಡಿದಳು. ಅವನನ್ನೇ ನಂಬಿ ಬಿಟ್ಟು ಹೋಗಿದ್ದಳು, ಪುಣ್ಯಾತ್ಗಿತ್ತಿ.

ಅವನು ಅದನ್ನು ದಿಟ್ಟಿಸಿದ. ಮುಂದೆ ಕೆಂಪು ದೀಪವಿಲ್ಲ. ಅವನ ಕ್ಯಾಮೆರಾ ಓಡುವಾಗ ಮುಂದೆ ದೀಪ ಹತ್ತುತ್ತದೆ, ಒಳಗೆ ಟೇಪು ತಿರುಗುವ ಸದ್ದು ಕಿವಿಗೆ ಬೀಳುತ್ತದೆ. ಇದು ಸುಮ್ಮನಿತ್ತು. ಅಂದರೆ ಬಂದ್ ಇದೆ. ಒಂದು ಕ್ಯಾಸೆಟ್ಟು, ಒಂದೇ ಒಂದು, ಕಳೆದುಹೋದರೆ? ಮಾಲಾಳ ಕೆಲಸ ಎಂಥದೆಂದು ಜಮಖಂಡಿಯ ತನಕ ಗೊತ್ತಾಗುತ್ತದೆ. ಪದ್ಮವ್ವ ತಲೆಯ ಮೇಲೆ ಕೈ ಹೊತ್ತು, ಅಣ್ಣಾ, ನಿನ್ನನ್ನ ಕರಸಬೇಕಿತ್ತು, ಅನ್ನುತ್ತಾಳೆ. ಆ ಮಾತು ಆಗಲೇ ಕಿವಿಯಲ್ಲಿ ಸಿಹಿಯಾಗಿ ಕೇಳಿಸಿತು.

ಕ್ಯಾಮೆರಾ ಯಾವಾಗ ಕೈಗೆ ಬಂತೋ ಅವನಿಗೇ ತಿಳಿಯಲಿಲ್ಲ. ಒಂದು ಮುಚ್ಚಳ ತೆಗೆದ. ಒಳಗೆ ವೈರು ಚುಚ್ಚುವ ತೂತುಗಳು. ತಿರುವಿ ನೋಡಿದ, ತಟ್ಟಿ ನೋಡಿದ, ಮುಖದ ಹತ್ತಿರ ತಂದು ಇಣುಕಿದ. ಕ್ಯಾಸೆಟ್ಟಿನ ಜಾಗವೇ ಇಲ್ಲ. ಕದಿಯಬೇಕೆಂದರೂ ಕೈಗೆ ಸಿಗದಂಥ ಸಾಮಾನು.

"ಎಲ್ಲಿ ಇಟ್ಟೀಯಲೇ ಎಲ್ಲಾ?" ಎಂದ, ಕ್ಯಾಮೆರಾಕ್ಕೇ. "ಹದಿಮೂರ ವರ್ಷ ಹೆಗಲ ಮುರಕೊಂಡೇನಿ ನಾ. ನೀ ನಿನ್ನೆ ಬಂದು..." ಬಳೆಗಳ ಸದ್ದು ಹತ್ತಿರವಾಯಿತು. ಕ್ಯಾಮೆರಾವನ್ನು ಇದ್ದಲ್ಲೇ ಇಟ್ಟ.

ಸಂಜೆ ಬಾಸಿಂಗ ಕಟ್ಟುವಾಗ ಅವನ ಕೈಯಿಂದ ಗಂಟು ಮತ್ತೆ ಮತ್ತೆ ಜಾರಿತು. ಸೋದರಸೊಸೆಯ ಮೇಲಿನ ಕರುಳು ಎಂದುಕೊಂಡು ಪದ್ಮವ್ವ ಕಣ್ಣೊರೆಸಿಕೊಂಡಳು. ಮಾಲಾ ಅದನ್ನೂ ಹಿಡಿದಳು.

ಹನ್ನೆರಡನೆಯ ದಿನ ಮಾಲಾಳ ಫೋನು ಬಂತು. "ಕಾಕಾರ, ಡಿಸ್ಕ ಮಾಡಿ ಪದ್ಮಕ್ಕಾರಿಗೆ ಕೊಡೂಕಿಂತ ಮೊದಲ ನೀವೊಮ್ಮಿ ಬಂದು ನೋಡ್ರಿ."

ಅವಳ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಯಂತ್ರವಿದ್ದ ಜಾಗದಲ್ಲಿ ಈಗ ಕಂಪ್ಯೂಟರ್ ಇತ್ತು. ಮುತ್ತಣ್ಣ ಸ್ಟೂಲಿನ ಮೇಲೆ ಕೂತ. ಮಾಲಾ ಎದ್ದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದಳು. ಆಮೇಲೆ ಗುಂಡಿ ಒತ್ತಿದಳು.

ತೆರೆಯ ತುಂಬ ಅವನದೇ ಮುಖ. ಅವನ ಲೈಟಿನಲ್ಲಿ ಎಲ್ಲರ ಮುಖವೂ ಸುಣ್ಣ ಬಳಿದಂತಿರುತ್ತಿತ್ತು. ಇಲ್ಲಿ ಗಡ್ಡದ ಒಂದೊಂದು ಬಿಳಿ ಕೂದಲು, ಹಣೆಯ ಗೆರೆಗಳಲ್ಲಿ ನಿಂತ ಭಂಡಾರ, ಮುಚ್ಚಳ ಹುಡುಕುವ ಹಳದಿ ಬೆರಳು. ಕಣ್ಣಂಚಿನ ನೀರು ಸಹ. ಎಲ್ಲಿ ಇಟ್ಟೀಯಲೇ, ಎಂದು ಕೇಳುತ್ತಿದ್ದ ಆ ಮನುಷ್ಯ.

"ಅವತ್ತ ಬಂದ್ ಮಾಡೂದ ಮರತಿದ್ನಿರಿ," ಎಂದಳು ಮಾಲಾ, ಅವನತ್ತ ನೋಡದೆ. "ದೀಪಾ ಹತ್ತಬಾರದಂತ ನಾನ ಮಾಡಿಟ್ಟೇನಿ. ದೀಪಾ ಕಂಡ್ರ ಹೆಣಮಕ್ಕಳು ಬಿಗೀತಾರ."

"ಪದ್ಮವ್ವ ನೋಡ್ಯಾಳೇನು?"

"ಯಾರೂ ನೋಡಿಲ್ರಿ. ತಗೀಲ್ಯಾ?"

"ತಗಿ."

ಅವಳ ಬೆರಳು ಎರಡು ಸಲ ಆಡಿತು. ಮುಖ ಹೋಯಿತು. ಮತ್ತೆ ಮೊದಲಿನಿಂದ ಓಡಿಸಿದಳು: ಅಕ್ಷತಾ ನೀರಿನಲ್ಲಿ ನಗುತ್ತಿದ್ದಾಳೆ, ಶಂಕ್ರೆವ್ವ ಹಾಡುತ್ತಿದ್ದಾಳೆ, ಅದೇ ಹಾಡಿನ ಅದೇ ಸಾಲಿನಲ್ಲಿ ಅಕ್ಷತಾ ಹಸಿರು ಸೀರೆಯುಟ್ಟು ಹೊಸ್ತಿಲು ದಾಟಿ ಬರುತ್ತಾಳೆ. ನಡುವೆ ಒಬ್ಬ ಮನುಷ್ಯನಿದ್ದ ಗುರುತೇ ಇಲ್ಲ.

ಬದುಕಿದೆನಪ್ಪಾ ಎನ್ನಬೇಕಿತ್ತು ಮುತ್ತಣ್ಣ. ಆದರೆ ಅವನಿಗೆ ಮದುವೆಯ ದಿನಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಎರಡು ವಿಸಿಆರ್ ಇಟ್ಟುಕೊಂಡು ಅವನು ಮಾಡುತ್ತಿದ್ದ ಜೋಡಣೆಯಲ್ಲಿ ಚಿತ್ರ ಜಿಗಿಯುತ್ತಿತ್ತು, ಹಾಡು ಕತ್ತು ಹಿಸುಕಿದಂತೆ ನಿಲ್ಲುತ್ತಿತ್ತು. ಅದನ್ನು ಮುಚ್ಚಲು ಚಿತ್ರದ ಮೇಲೆ ಗುಲಾಬಿ ಹೂವು ಸುರಿಸುತ್ತಿದ್ದ. ಇವಳಿಗೆ ಒಂದು ಹೂವೂ ಬೇಕಾಗಲಿಲ್ಲ.

ಎದ್ದ. ಹೊಸ್ತಿಲಾಚೆ ಬಿಟ್ಟಿದ್ದ ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದು ಮೆಟ್ಟಲಿಲ್ಲ.

"ಹಾಡಾ ಹೆಂಗ ಹರೀಲಿಲ್ಲ?"

"ಯಾವದ್ರಿ?"

"ನನ್ನ ಕೊಯ್ದು ತಗದ್ಯಲ್ಲಾ, ಅಲ್ಲಿ. ಹಾಡಾ ಹೆಂಗ ಹರೀಲಿಲ್ಲ?"

ಮಾಲಾ ಅವನತ್ತ ತಿರುಗಿದಳು. "ತೋರಸ್ತೇನ್ರಿ. ಆದ್ರ ತಗದದ್ದನ್ನ ತಿರುಗಿ ತರಬೇಕಾಗತೈತಿ."

ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಮುತ್ತಣ್ಣ ಆ ಬಾಗಿಲು ಮುಚ್ಚಿಯೇ ಇದೆಯೇ ಎಂದು ಒಮ್ಮೆ ನೋಡಿದ.

"ತಾ," ಎಂದ.

ಅವಳು ಒತ್ತಿದಳು. ಭಂಡಾರ ಮೆತ್ತಿದ ಆ ಮುಖ ಮತ್ತೆ ತೆರೆಯ ತುಂಬ ಬಂದು ನಿಂತಿತು. ಒಂದು ಕಾಲಲ್ಲಿ ಚಪ್ಪಲಿ ಇದ್ದಂತೆಯೇ ಮುತ್ತಣ್ಣ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು ಕೂತು, ಮುಖವನ್ನು ಬಿಟ್ಟು ಅವಳ ಬೆರಳನ್ನು ನೋಡತೊಡಗಿದ.